ಮರುಭೂಮಿಯಲ್ಲೊಂದು ಬಾಣಂತನ

ಬರ್ಲಿನ್‌ಗೆ ಹೋಗುವವರು ದಾರಿಯಲ್ಲಿ ಸಿಗುವ ಫಾಲನ್ ಊರಿನಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಮುಂದೆಲ್ಲೋ ಪೆಟ್ರೋಲ್ ಸಿಗುತ್ತೆ ಬಿಡು ಅಂತ ನಾನು ಹಾಗೇ ಹೋದೆ. ಸಿಗಲಿಲ್ಲ. ವಾಪಸ್ ಬರುವಾಗ ಎಸಿ ಆರಿಸಿ, ಪೆಟ್ರೋಲ್ ಮುಳ್ಳನ್ನೇ ನೋಡುತ್ತಾ ಕಾರು ಓಡಿಸಿದ್ದು ನೆನೆದರೆ ಈಗಲೂ ಮೈ ಉರಿಯುತ್ತೆ.

ಇದು ಜರ್ಮನಿಯ ಬರ್ಲಿನ್ ಅಲ್ಲ, ಅಮೆರಿಕದ ನೆವಾಡಾದ ಪಾಳುಬಿದ್ದ ಗಣಿ ಊರು. ಹಳೇ ಮರದ ಮನೆಗಳ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಅದು ಅಷ್ಟಕ್ಕಷ್ಟೆ.

ನಾನು, ಅಮ್ಮ ಹೋದದ್ದು ಮೇಲಿನ ಕಣಿವೆಗೆ, ಶೋನಿಸಾರಸ್ ನೋಡಲು. ಟ್ರಯಾಸಿಕ್ ಕಾಲದ ಇಕ್ತಿಯೋಸಾರ್, ಅಂದರೆ ಮೀನಿನ ಆಕಾರದ ಕಡಲ ಸರೀಸೃಪ, ಸುಮಾರು 23 ಕೋಟಿ ವರ್ಷ ಹಿಂದಿನದು. ಆಗ ಇಲ್ಲಿ ಸಮುದ್ರವಿತ್ತು. 1954ರಲ್ಲಿ ಪಳೆಯುಳಿಕೆ ವಿಜ್ಞಾನಿ ಚಾರ್ಲ್ಸ್ ಕ್ಯಾಂಪ್ ಇಲ್ಲಿ ಅಗೆತ ಶುರು ಮಾಡಿದರು. ಒಂದಷ್ಟು ಎಲುಬುಗಳನ್ನು ಸಿಕ್ಕ ಜಾಗದಲ್ಲೇ ಬಿಟ್ಟು ಮೇಲೊಂದು ಸೂರು ಕಟ್ಟಿದ್ದಾರೆ. ಒಳಗೆ ಹೋದರೆ ನನಗೆ ಬರೀ ಕಲ್ಲೇ ಕಂಡಿತು. ಅಮ್ಮನೇ ಕೈ ತೋರಿಸಿದಳು, "ಅಲ್ಲಿ ನೋಡೋ, ಬೆರಣಿ ಸಾಲಾಗಿ ಇಟ್ಟ ಹಾಗಿದೆ." ಅವು ಬೆನ್ನುಮೂಳೆಯ ಬಿಲ್ಲೆಗಳು!

"ಇಷ್ಟೊಂದು ಒಂದೇ ಕಡೆ ಯಾಕೆ ಸತ್ತವು?"

2022ರ ಅಧ್ಯಯನದಲ್ಲಿ ಓದಿದ್ದನ್ನು ಹೇಳಿದೆ. ಇಲ್ಲಿ ಸಿಕ್ಕವು ಬಹುಪಾಲು ಬೆಳೆದು ದೊಡ್ಡದಾದವು. ಜೊತೆಗೆ ಹೊಟ್ಟೆಯೊಳಗಿನ ಅಥವಾ ಆಗಷ್ಟೇ ಹುಟ್ಟಿದ ಮರಿಗಳ ಚೂರುಪಾರು ಎಲುಬು, ಹಲ್ಲು. ನಡುವಿನ ವಯಸ್ಸಿನವು ಕಾಣೆ. ಹಾಗಾಗಿ ಹೆರಲು ಇಲ್ಲಿಗೆ ಬರುತ್ತಿದ್ದವು ಅಂತ ಊಹೆ.

"ಹಲ್ಲಿ ಜಾತಿ ಮೊಟ್ಟೆ ಇಡಲ್ವಾ?"

"ಇವು ಮರಿ ಹಾಕ್ತಿದ್ದವಮ್ಮ. ದಡ ಹತ್ತೋಕೆ ಕಾಲೆಲ್ಲಿ? ಬರೀ ಈಜುರೆಕ್ಕೆ."

"ಒಂದೇ ಸಲಕ್ಕೆ ಸತ್ತವಾ?"

"ಇಲ್ಲ, ಬೇರೆ ಬೇರೆ ಕಾಲದಲ್ಲಿ. ತಲೆತಲಾಂತರ ಇಲ್ಲಿಗೇ ಬಂದಿವೆ ಅಂತಾರೆ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಾಗಾದ್ರೆ ಇದು ತವರುಮನೆ ಅನ್ನು. ತಾನು ಹುಟ್ಟಿದ ಕಡೆಗೇ ಬಾಣಂತನಕ್ಕೆ ಬಂದಿದೆ."

"ವಿಜ್ಞಾನಿಗಳು ಅಷ್ಟೆಲ್ಲ ಹೇಳಿಲ್ಲ."

"ಅವರು ಹೇಳೋದೇನು ಬಂತು? ನಿನ್ನನ್ನ ಹೆರೋಕೆ ನಾನು ಹೋಗಿರಲಿಲ್ವಾ?"

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅವಳು ಆ ಬಿಲ್ಲೆಗಳನ್ನು ಬಿಟ್ಟು ಕದಲುವ ಹಾಗೂ ಕಾಣಲಿಲ್ಲ. ಬಾಗಿಲು ಹಾಕುವವರೆಗೂ ಅಲ್ಲೇ ನಿಂತೆವು.

ಹೊರಗಿನ ಗೋಡೆಯ ಮೇಲೆ ಆಳೆತ್ತರಕ್ಕಲ್ಲ, ಆ ಪ್ರಾಣಿಯಷ್ಟೇ ಉದ್ದಕ್ಕೆ ಸಿಮೆಂಟಿನ ಉಬ್ಬುಚಿತ್ರವಿದೆ. ಅಮ್ಮ ಮೂತಿಯಿಂದ ಬಾಲದವರೆಗೆ ಹೆಜ್ಜೆ ಎಣಿಸಿದಳು. ಮೂವತ್ತು ಚಿಲ್ಲರೆ ಬಂತು.

"ಪಾಪ," ಅಂದಳು, "ಇಷ್ಟು ಮೈ ಹೊತ್ತು ಬಸುರಿ ಎಲ್ಲಿಂದ ಈಜಿಕೊಂಡು ಬಂತೋ."