ನೀಲಿ ಶಟರಿನ ಮುಂದೆ ನಲವತ್ತು ನಿಮಿಷ

ಬೀದರಿಗೆ ಹೋಗಿ ಬಂದೆ ಅಂದರೆ ಸಾಕು, ಎಲ್ಲರೂ ಕೋಟೆಯ ಫೋಟೋ ತೋರಿಸು ಅನ್ನುತ್ತಾರೆ. ನನ್ನ ಹತ್ತಿರ ಅದಿಲ್ಲ. ಕೋಟೆಗೆ ಹೋಗಿದ್ದೆ, ಎರಡು ತಾಸು ಒಳಗೇ ಇದ್ದೆ. ಆದರೆ ಅವತ್ತು ತೆಗೆದ ಇನ್ನೂರು ಚಿಲ್ಲರೆ ಫೋಟೋಗಳಲ್ಲಿ ಇದು ಬೀದರ್ ಕೋಟೆ ಅಂತ ಗುರುತು ಹಿಡಿಯುವಂಥದ್ದು ಒಂದೂ ಇಲ್ಲ. ಇರುವುದು ಒಂದು ನೀಲಿ ಶಟರು, ಬಳೆ ತೊಟ್ಟ ಒಂದು ಕೈ, ಮಕ್ಕಳ ತಲೆ ಎಣಿಸುತ್ತಿರುವ ಒಬ್ಬ ಮಾಸ್ತರು.

ಡಿಸೆಂಬರಿನ ಎರಡನೇ ಶನಿವಾರ. ನನಗೆ ರಜೆ. ತಂಗಿಯ ಮಗನಿಗೂ ಕಾಲೇಜಿಲ್ಲ. ಪಿಯುಸಿ ಮೊದಲ ವರ್ಷದ ಹುಡುಗ, ಕೈಯಲ್ಲಿ ಮೊಬೈಲು ಬಿಟ್ಟರೆ ಬೇರೆ ಸಾಮಾನಿಲ್ಲ. ಕಲಬುರಗಿಯಿಂದ ಬೀದರಿಗೆ 2017ರಿಂದ ರೈಲೂ ಓಡುತ್ತಿದೆ, ಆದರೆ ನಾನು ಬೆಳಗಿನ ಬಿಸಿಲು ಮೇಲೇರುವುದರೊಳಗೆ ಮುಟ್ಟಬೇಕಿತ್ತು. ನಸುಕಿನ ಬಸ್ಸೇ ಹಿಡಿದೆವು. ಕಮಲಾಪುರ ದಾಟುವಾಗ ಇನ್ನೂ ಕತ್ತಲು, ಆ ಊರಿನ ಕೆಂಪು ಬಾಳೆಹಣ್ಣು ಕೂಡ ಕಣ್ಣಿಗೆ ಬೀಳಲಿಲ್ಲ. ಹುಮನಾಬಾದ್ ಹತ್ತಿರ ಬಂದಾಗ ತೊಗರಿ ಹೊಲಗಳ ಮೇಲೆ ಬೆಳಕು ಬಿತ್ತು. ಹುಡುಗ ಕಿಟಕಿಗೆ ತಲೆ ಒರಗಿಸಿ ಮಲಗಿದ್ದ. ಕಿಟಕಿಯ ಸರಳಿನ ನೆರಳು ಅವನ ಮುಖದ ಮೇಲೆ ಗೆರೆ ಗೆರೆಯಾಗಿ ಓಡುತ್ತಿತ್ತು. ಕ್ಯಾಮೆರಾ ಬ್ಯಾಗಿನಲ್ಲಿತ್ತು, ಬ್ಯಾಗು ಮೇಲಿನ ಅಟ್ಟಣಿಗೆಯಲ್ಲಿತ್ತು. ಅವತ್ತಿನ ಮೊದಲ ಫೋಟೋ ಹೀಗೆ ಹೋಯಿತು.

ಎರಡನೆಯದು ಹೋದ ಕಥೆ ಇನ್ನೂ ಅವಮಾನದ್ದು. ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ನೇರ ಮಹಮೂದ್ ಗವಾನ್ ಮದರಸಾಕ್ಕೆ ಹೋದೆವು. ಪರ್ಷಿಯಾದ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಗವಾನ್ 1472ರಲ್ಲಿ ಕಟ್ಟಿಸಿದ ಕಾಲೇಜು ಅದು. ಮುಂದಿನ ಎರಡು ಮಿನಾರುಗಳಲ್ಲಿ ಈಗ ಉಳಿದಿರುವುದು ಒಂದೇ. ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಒಂದು ಭಾಗವೇ ಹಾರಿಹೋಯಿತು. ಉಳಿದ ಮಿನಾರಿನ ಮೈಮೇಲೆ ನೀಲಿ, ಬಿಳಿ, ಹಳದಿ ಹೆಂಚಿನ ಚೂರುಗಳು ಅಂಕುಡೊಂಕಾಗಿ ಇನ್ನೂ ಅಂಟಿಕೊಂಡಿವೆ. ಕಟ್ಟಡದ ಮುಖ ಪೂರ್ವಕ್ಕಿದೆ, ಹಾಗಾಗಿ ಬೆಳಗಿನ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ನಾನು ಮೈಮರೆತು ನಲವತ್ತು ಫೋಟೋ ಹೊಡೆದೆ. ಹಿಂದಿನ ಪರದೆ ನೋಡಲೇ ಇಲ್ಲ. ಪ್ರತಿ ಕ್ಲಿಕ್ಕಿಗೂ ಪರದೆ ನೋಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅದೊಂದು ಜಂಬ, ಬೇರೇನಲ್ಲ.

ಹುಡುಗ ಕ್ಯಾಮೆರಾ ಇಸಿದುಕೊಂಡು ನೋಡಿದ. "ಮಾಮಾ, ಎಲ್ಲಾ ಬೆಳ್ಳಗ ಬಂದಾವ ನೋಡ್ರಿ."

ಹಿಂದಿನ ವಾರ ಒಂದು ಗೃಹಪ್ರವೇಶದಲ್ಲಿ, ಮನೆಯೊಳಗೆ ಕತ್ತಲಾಗಿದೆ ಅಂತ ಎಕ್ಸ್‌ಪೋಷರ್ ಹೆಚ್ಚಿಸುವ ಗುಂಡಿಯನ್ನು ಮೇಲಕ್ಕೆ ತಿರುಗಿಸಿದ್ದೆ. ಅದು ಹಾಗೇ ಇತ್ತು. ಮಿನಾರಿನ ಬಿಳಿ ಹೆಂಚು, ಹಿಂದಿನ ಆಕಾಶ, ಮುಂದೆ ನಿಂತಿದ್ದ ಎಳನೀರಿನ ಗಾಡಿ, ಎಲ್ಲವೂ ಸುಣ್ಣ ಬಳಿದ ಹಾಗೆ. ಕತ್ತಲಾದ ಫೋಟೋದಿಂದ ಸ್ವಲ್ಪವಾದರೂ ಹಿಂದಕ್ಕೆ ಎಳೆಯಬಹುದು. ಹೀಗೆ ಸುಟ್ಟುಹೋದ ಬಿಳಿಯನ್ನು ಯಾವ ಸಾಫ್ಟ್‌ವೇರೂ ವಾಪಸ್ ಕೊಡುವುದಿಲ್ಲ. ಇದು ಗೊತ್ತಿಲ್ಲದ ವಿಷಯವೇನಲ್ಲ ನನಗೆ. ಗೊತ್ತಿದ್ದೂ ಮಾಡಿದ್ದೆ.

ಮತ್ತೆ ತೆಗೆಯಬಹುದಿತ್ತು. ಮಿನಾರು ಎಲ್ಲಿಗೂ ಓಡಿಹೋಗುವುದಿಲ್ಲ, 550 ವರ್ಷದಿಂದ ಅಲ್ಲೇ ಇದೆ. ಆದರೆ ಮನಸ್ಸೇ ಮುರಿದಿತ್ತು. "ಚಹಾ ಕುಡಿಯೋಣ ನಡಿ" ಅಂತ ಚೌಬಾರದ ಕಡೆ ಹೆಜ್ಜೆ ಹಾಕಿದೆವು.

ಚೌಬಾರ ಅಂದರೆ ಹಳೇ ಊರಿನ ನಟ್ಟನಡುವೆ ನಿಂತಿರುವ ಗುಂಡನೆಯ ಕಾವಲು ಗೋಪುರ. 71 ಅಡಿ ಎತ್ತರ. ನಾಲ್ಕು ದಿಕ್ಕಿನ ರಸ್ತೆಗಳು ಅದರ ಬುಡಕ್ಕೆ ಬಂದು ಸೇರುತ್ತವೆ. ಹಿಂದೆ ಮೇಲೆ ನಿಂತವರು ಶತ್ರುಗಳನ್ನು ನೋಡುತ್ತಿದ್ದರಂತೆ. ಕೆಳಗೆ ನಿಂತು ಊರು ನೋಡುವುದಕ್ಕೂ ಅದೇ ಒಳ್ಳೆಯ ಜಾಗ, ಬೀದರಿನಲ್ಲಿ ಯಾರೇ ಎಲ್ಲಿಗೆ ಹೊರಟರೂ ಒಮ್ಮೆ ಇಲ್ಲಿ ಹಾದು ಹೋಗಬೇಕು.

ಚಹಾದ ಅಂಗಡಿಯ ಎದುರಿಗೇ ಆ ಶಟರು ಕಂಡಿತು. ಕಡು ನೀಲಿ. ಹಳೆಯದು, ಅಲ್ಲಲ್ಲಿ ಬಣ್ಣ ಎದ್ದು ತುಕ್ಕು ಕಾಣುತ್ತಿತ್ತು. ಪಕ್ಕದ ಕಟ್ಟಡದ ನೆರಳು ಅದರ ಮೇಲೆ ಓರೆಯಾಗಿ ಬಿದ್ದು, ಎಡಗಡೆ ಅರ್ಧ ಬಿಸಿಲು, ಬಲಗಡೆ ಅರ್ಧ ಕತ್ತಲು. ಪೂರ್ತಿ ಖಾಲಿ. ಪೋಸ್ಟರ್ ಇಲ್ಲ, ಬರಹ ಇಲ್ಲ, ಮುಂದೆ ಬೈಕು ನಿಲ್ಲಿಸಿಲ್ಲ. ನಮ್ಮ ಊರುಗಳಲ್ಲಿ ಬೈಕು ನಿಲ್ಲಿಸದ ಗೋಡೆ ಸಿಗುವುದು ಅಂದರೆ ಸಾಮಾನ್ಯವೇ?

ಬೀದಿಯಲ್ಲಿ ಫೋಟೋ ತೆಗೆಯುವುದಕ್ಕೆ ಎರಡು ದಾರಿ. ಚಂದ ಕಂಡದ್ದರ ಹಿಂದೆ ಓಡುವುದು ಒಂದು. ಓಡಿದರೆ ಮನುಷ್ಯ ಸಿಗುತ್ತಾನೆ, ಹಿನ್ನೆಲೆ ಸಿಗುವುದಿಲ್ಲ. ಅವನ ತಲೆಯಿಂದ ಲೈಟಿನ ಕಂಬ ಹುಟ್ಟಿರುತ್ತದೆ, ಕಿವಿಯ ಹತ್ತಿರ ಕೋಚಿಂಗ್ ಸೆಂಟರಿನ ಬೋರ್ಡು ಇರುತ್ತದೆ. ಇನ್ನೊಂದು, ಮೊದಲು ರಂಗ ಹುಡುಕಿ ಪಾತ್ರ ಬರಲಿ ಅಂತ ಕಾಯುವುದು. ನಾನು ಎರಡನೇ ಜಾತಿಯವನು, ಅರ್ಧ ಸೋಮಾರಿತನದಿಂದ. ಲೆನ್ಸು 35 ಎಂಎಂ, ಅಪರ್ಚರ್ ಅಂದರೆ ಬೆಳಕು ಒಳಬರುವ ಕಿಂಡಿ ಎಫ್/8ಕ್ಕೆ ಕಿರಿದು, ಫೋಕಸನ್ನು ಕೈಯಿಂದಲೇ ತಿರುಗಿಸಿ 3 ಮೀಟರ್ ದೂರಕ್ಕೆ ಇಟ್ಟೆ. ಹೀಗಿಟ್ಟರೆ ಸುಮಾರು 2 ಮೀಟರಿನಿಂದ 7 ಮೀಟರಿನ ತನಕ ಇರುವುದೆಲ್ಲ ಸ್ಪಷ್ಟ ಬರುತ್ತದೆ. ಮತ್ತೆ ಫೋಕಸ್ ಗೊಡವೆ ಇಲ್ಲ. ನಾಲ್ಕೂ ಅಂಚು ನೋಡಿ ಸುಮ್ನೆ ನಿಂತರಾಯಿತು.

ನಿಂತೆ. ನೀಲಿಗೆ ಒಂದು ಕೆಂಪು ಬೇಕಿತ್ತು.

ಹಾಲಿನ ಕ್ಯಾನು ಕಟ್ಟಿದ ಸೈಕಲ್ ಬಂತು, ಸರಿಯಾದ ಹೊತ್ತಿಗೆ ನಡುವೆ ಆಟೋ ನುಗ್ಗಿತು. ನೀಲಿ ಅಂಗಿಯವರೊಬ್ಬರು ಹಾದುಹೋದರು, ಶಟರಿನಲ್ಲೇ ಕರಗಿಹೋದರು. ಬುರ್ಖಾ ತೊಟ್ಟ ಇಬ್ಬರು ನೆರಳಿನ ಭಾಗಕ್ಕೆ ಬಂದಾಗ ಬರೀ ಕೈ ಮತ್ತು ಒಂದು ಹಳದಿ ಕೈಚೀಲ ಕಂಡಿತು. ಚೆನ್ನಾಗಿತ್ತು, ಆದರೆ ನಾನು ಕೆಂಪಿಗೆ ಕಾಯುತ್ತಿದ್ದೆನಲ್ಲ, ಬೆರಳು ಒತ್ತಲಿಲ್ಲ. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಒಂದಕ್ಕೆ ಹಟ ಹಿಡಿದು ನಿಂತರೆ ಎದುರಿಗೆ ಬಂದದ್ದೂ ಕಾಣುವುದಿಲ್ಲ.

"ಯಾರಿಗ್ ಕಾಯ್ಲತ್ತೀರಿ?" ಚಹಾದವರು ಕೇಳಿದರು.

"ಕೆಂಪ್ ಬಣ್ಣಕ್ಕ್ರಿ."

ಅವರು ನನ್ನನ್ನೊಮ್ಮೆ, ಹುಡುಗನನ್ನೊಮ್ಮೆ ನೋಡಿ ಮತ್ತೆರಡು ಚಹಾ ಹಾಕಿದರು.

ನಲವತ್ತು ನಿಮಿಷದ ಮೇಲೆ ಬಂದೇ ಬಂತು. ದೂರದಲ್ಲಿ ಒಬ್ಬ ಹುಡುಗ, ಶಾಮಿಯಾನದವರ ಕಡೆಯವನಿರಬೇಕು, ನಾಲ್ಕು ಕೆಂಪು ಪ್ಲಾಸ್ಟಿಕ್ ಕುರ್ಚಿ ಒಂದರೊಳಗೊಂದು ಸೇರಿಸಿ ಬೋರಲಾಗಿ ತಲೆ ಮೇಲೆ ಇಟ್ಟುಕೊಂಡಿದ್ದ. ಕುರ್ಚಿಯ ಕಾಲು ಮೇಲಕ್ಕೆ ಕೊಂಬಿನ ಹಾಗೆ. ಉಸಿರು ಬಿಗಿಹಿಡಿದೆ. ಇನ್ನು ಇಪ್ಪತ್ತು ಹೆಜ್ಜೆ. ಅಷ್ಟರಲ್ಲಿ ಒಂದು ಸ್ಕೂಟರು ಬಂದು ನಿಂತಿತು. ಇಳಿದವರು ಬಗ್ಗಿ, ಬೀಗ ತೆಗೆದು, ಗರ್‌ರ್ ಅಂತ ಶಟರು ಮೇಲೆತ್ತಿದರು.

ಒಳಗೆ ನೇತುಹಾಕಿದ ಫ್ಯಾನಿನ ರೆಕ್ಕೆಗಳು, ಮೋಟರುಗಳು, ತಂತಿ ಸುರುಳಿಗಳು. ಕೆಂಪು ಕುರ್ಚಿ ಆ ಗದ್ದಲದ ಮುಂದೆ ಹಾದು ಹೋಯಿತು. ನಾನು ಕ್ಯಾಮೆರಾ ಇಳಿಸಿದೆ. ಅಂಗಡಿಯವರು ತಿರುಗಿ ನೋಡಿದರು. "ಬರ್ರಿ ಸರ, ಏನ್ ರಿಪೇರಿ ಅದ?"

ಇದ್ದದ್ದು ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. "ಮುಚ್ಚಿದ್ ಅಂಗಡಿ ಫೋಟೋ ಯಾರ್ ನೋಡ್ತಾರ್ರಿ?"

ಹುಡುಗ ಮೊಬೈಲು ತೋರಿಸಿದ. ಶಟರು ಅರ್ಧ ಎದ್ದಿದೆ, ಎತ್ತುತ್ತಿರುವ ಎರಡು ಕೈ, ಎಡಗಡೆಯಿಂದ ಆಗಷ್ಟೇ ಒಳಬರುತ್ತಿರುವ ಕುರ್ಚಿಯ ಕೊಂಬುಗಳು. ಅವನು ನನ್ನ ಹಾಗೆ ಕಾದವನಲ್ಲ. ಚಹಾದ ಲೋಟ ಹಿಡಿದು ಬೇಜಾರಾಗಿ ಕೂತಿದ್ದವನು ತಟ್ಟನೆ ಹೊಡೆದಿದ್ದ. ಚೆನ್ನಾಗಿದೆ ಅಂದೆ. ಅಷ್ಟು ಹೇಳಲಿಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಚೌಬಾರದ ಹತ್ತಿರದ ಒಂದು ಸಂದಿಯಲ್ಲಿ ಕಟ್, ಕಟ್ ಅಂತ ಸದ್ದು ಕೇಳಿ ಒಳಹೊಕ್ಕರೆ, ಲೋಹದ ಪಾತ್ರೆಯಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕೆಲಸದ ಮನೆ. ಬೀದರ್ ಅಂದಮೇಲೆ ಬಿದ್ರಿ ಇದ್ದೇ ಇರುತ್ತದೆ. 2006ರಲ್ಲಿ ಜಿಐ, ಅಂದರೆ ಇದು ಈ ಊರಿನದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಕಲೆ. ಇದೇ ಊರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಇಲ್ಲಿ ಕೂತಿದ್ದವರು ಅಂಥ ಹೆಸರಿನವರಲ್ಲ. ವಯಸ್ಸಾದ ಒಬ್ಬ ಚಾಚಾ, ಅವರ ಪಕ್ಕ ಅರ ಹಾಕುತ್ತಿದ್ದ ಒಬ್ಬ ಯುವಕ. ಕೇಳಿದ ಮೇಲೆ, "ಹೊಡ್ಕೋರಿ, ಕೈಗಿ ಅಡ್ಡ ಬರಬ್ಯಾಡ್ರಿ" ಅಂದರು.

ನಾನು ಅಂದುಕೊಂಡಿದ್ದು ಬಿದ್ರಿ ಪಾತ್ರೆಯ ಕಪ್ಪು ಕೊನೆಗೆ ಹಚ್ಚುವ ಬಣ್ಣ ಅಂತ. ಅರ್ಧ ಮಾತ್ರ ಸರಿ. ಹೆಚ್ಚು ಭಾಗ ಸತು, ಸ್ವಲ್ಪ ತಾಮ್ರ ಕರಗಿಸಿ ಎರಕ ಹೊಯ್ದು ತೆಗೆದಾಗ ಅದರ ಬಣ್ಣ ಬೂದು. ಅರ ಹಾಕಿ ನುಣ್ಣಗೆ ಮಾಡಿದ ಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಚಾಚಾ ಒಂದು ಚಿಕ್ಕ ಹೂದಾನಿಗೆ ಅದನ್ನೇ ಮಾಡುತ್ತಿದ್ದರು. ಬಟ್ಟೆಯ ಚೂರು ಅದ್ದಿ ಒಮ್ಮೆ ಎಳೆದರೆ ಬೂದು ಲೋಹ ಕಣ್ಣೆದುರೇ ಕಪ್ಪಾಯಿತು. ಆಮೇಲೆ ಚೂಪು ಕಡ್ಡಿ ತೆಗೆದುಕೊಂಡು, ಅಳತೆ ಇಲ್ಲ, ಅಚ್ಚು ಇಲ್ಲ, ಸುಮ್ಮನೆ ಒಂದು ಬಳ್ಳಿ ಎಳೆದರು. ಕಪ್ಪಿನ ಮೇಲೆ ಗೆರೆ ಫಳ್ಳನೆ ಹೊಳೆಯಿತು.

"ಈ ಕಪ್ಪ್ ಇರಲ್ಲ, ಹೋಗ್ತದ" ಅಂದರು. "ಗೆರಿ ಕಾಣ್ಲಿ ಅಂತ ಹಚ್ಚೋದು. ಕಪ್ಪ್ ಇಲ್ಲಂದ್ರ ಗೆರಿ ಎಲ್ಲಿ ಕಾಣ್ತದ?"

ಆ ಗೆರೆಯನ್ನು ಉಳಿಯಿಂದ ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಮತ್ತೆ ಅರ ಹಾಕಿದಾಗ ಮೊದಲಿನ ಕಪ್ಪೆಲ್ಲ ಹೋಗಿ ಪಾತ್ರೆ ಪುನಃ ಬೂದಾಗುತ್ತದೆ. ಬೆಳ್ಳಿ ಯಾವುದು, ಸತು ಯಾವುದು ಗುರುತೇ ಸಿಗುವುದಿಲ್ಲ. ಕೊನೆಗೆ ಕೋಟೆಯೊಳಗಿನ, ಬಿಸಿಲು ಕಾಣದ ಜಾಗದ ಮಣ್ಣಿಗೆ ನವಸಾಗರ ಬೆರೆಸಿ ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದರೆ ಸತು ಮಾತ್ರ ಕಪ್ಪಾಗಿ ನಿಲ್ಲುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಮೇಲೆ ಒಂದು ಕೈ ಎಣ್ಣೆ.

ಅಲ್ಲೇ ಕೂತು ಕ್ಯಾಮೆರಾದ ಗುಂಡಿ ಈ ಸಲ ಕೆಳಕ್ಕೆ ತಿರುಗಿಸಿದೆ. ಕಿಟಕಿಯಿಂದ ಬೀಳುವ ಬೆಳಕು ಚಾಚಾರ ಬೆರಳು, ಕಡ್ಡಿಯ ತುದಿ, ಆ ಒಂದು ಗೆರೆಯ ಮೇಲಷ್ಟೇ ಇತ್ತು. ಕೋಣೆ ಕತ್ತಲಾದರೆ ಆಗಲಿ. ಅದುವರೆಗೆ ನಾನು ನೆರಳಿನಲ್ಲೂ ಎಲ್ಲ ಕಾಣಬೇಕು ಅಂತ ಒದ್ದಾಡುತ್ತಿದ್ದೆ. ಗೋಡೆಯ ಕ್ಯಾಲೆಂಡರು, ಮೂಲೆಯ ಚಪ್ಪಲಿ ಯಾರಿಗೆ ಬೇಕಿತ್ತು?

ಹೊರಗೆ ಬೋರೆಹಣ್ಣು ಮಾರುವ ಅಮ್ಮನ ಗಾಡಿ. ಕೇಳಿದೆ. "ನಂದ್ ಬ್ಯಾಡಪ್ಪ, ಹಣ್ಣಿಂದ್ ಹೊಡ್ಕೊ" ಅಂದರು. ಬ್ಯಾಡ ಅಂದಮೇಲೆ ಮುಗಿಯಿತು. ದೂರದಿಂದ ಉದ್ದ ಲೆನ್ಸಿನಲ್ಲಿ ಕದ್ದು ತೆಗೆಯುವವರಿದ್ದಾರೆ, ಅದು ನನಗೆ ಹಿಡಿಸುವುದಿಲ್ಲ. ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಜೀವನವಿಡೀ ಸಾಮಾನ್ಯ ಜನರನ್ನೇ ತೆಗೆದವರು. ಅವರ ಫೋಟೋದೊಳಗಿನ ಜನ ಕದ್ದು ಸಿಕ್ಕವರ ಹಾಗೆ ಕಾಣುವುದಿಲ್ಲ, ಅಲ್ವಾ? ನಾನು ಹಣ್ಣಿನ ರಾಶಿಗೇ ಕ್ಯಾಮೆರಾ ಹಿಡಿದೆ. ಅಷ್ಟರಲ್ಲಿ ಗಿರಾಕಿ ಬಂದರು. ಅಮ್ಮನ ಕೈ ಲೋಟ ಹಿಡಿದು ಮೇಲಿನಿಂದ ರಾಶಿಯೊಳಕ್ಕೆ ಇಳಿಯಿತು, ಹಸಿರು ಬಳೆ ಜಾರಿ ಮಣಿಕಟ್ಟಿಗೆ ಬಂದು ನಿಂತವು. ಆ ಕೈಯನ್ನೂ ತೆಗೆದೆ. ಪರದೆಯಲ್ಲಿ ತೋರಿಸಿ "ಇರ್ಲ್ಯಾ?" ಅಂದೆ. ತಮ್ಮ ಬಳೆ ತಾವೇ ನೋಡಿ, "ಇರ್ಲಿ" ಅಂದರು. ಅರ್ಧ ಕಿಲೋ ಹಣ್ಣೂ ಕೊಂಡೆವು, ಹುಳಿ.

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ತಿಂದು ಕೋಟೆಗೆ. ರಂಗೀನ್ ಮಹಲಿಗೆ ಬೀಗ. ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಅಲ್ಲಿದೆ, ಬೆಳಿಗ್ಗೆ ಚಾಚಾರ ಕೆಲಸ ನೋಡಿದ ಮೇಲೆ ಅದನ್ನೂ ನೋಡುವ ಆಸೆಯಿತ್ತು. ಕಮಾನಿನೊಳಗಿನಿಂದ ಇನ್ನೊಂದು ಕಮಾನು ಕಾಣುವ ಫೋಟೋ ಎಲ್ಲರೂ ತೆಗೆಯುತ್ತಿದ್ದರು. ಅದನ್ನು ನಾನೂ ಬೇಕಾದಷ್ಟು ತೆಗೆದಿದ್ದೇನೆ, ಸಾಕಾಗಿದೆ.

ಶರ್ಜಾ ದರವಾಜದ ಹತ್ತಿರ ಕೂತೆವು. ಇಲ್ಲಿಯ ಕೆಂಪು ಕಲ್ಲಿನದೊಂದು ಗುಣ ಇದೆ. ಎದುರಿನ ಗೋಡೆಗೆ ಬಿಸಿಲು ಬಡಿದರೆ ಬಾಗಿಲಿನ ಒಳಗಿನ ನೆರಳೂ ಸ್ವಲ್ಪ ಕೆಂಪಾಗುತ್ತದೆ, ಅಲ್ಲಿ ನಿಂತವರ ಮುಖಕ್ಕೆ ಒಲೆಯ ಮುಂದೆ ಕೂತಂಥ ಬಣ್ಣ. ಶಾಲಾ ಪ್ರವಾಸದ ಮಕ್ಕಳು ಸಾಲಾಗಿ ಬಂದರು, ಬಿಳಿ ಅಂಗಿ. ಬಾಗಿಲಿನ ಕತ್ತಲಿಂದ ಹೊರಬರುವ ಹೆಜ್ಜೆಯಲ್ಲಿ ಒಂದೊಂದೇ ಅಂಗಿ ಹೊತ್ತಿಕೊಂಡಂತೆ ಬೆಳಗುತ್ತಿತ್ತು. ಮಾಸ್ತರು ಅದೇ ಗೆರೆಯ ಮೇಲೆ ನಿಂತು ಪ್ರತಿ ತಲೆ ಮುಟ್ಟಿ ಎಣಿಸುತ್ತಿದ್ದರು. ನಲವತ್ತೊಂದು, ನಲವತ್ತೆರಡು. ನಲವತ್ತಮೂರನೆಯವನು ತಲೆ ತಪ್ಪಿಸಿ ಬಗ್ಗಿ ಓಡಿದ. ಮಾಸ್ತರರ ಕೈ ಗಾಳಿಯಲ್ಲಿ ಉಳಿಯಿತು. ಆ ಖಾಲಿ ಕೈ ನನಗೆ ಸಿಕ್ಕಿತು. ಈ ಸಲ ಹುಡುಗ ಏನೂ ಅನ್ನಲಿಲ್ಲ, ಅವನ ಮೊಬೈಲಿನ ಚಾರ್ಜು ಮುಗಿದಿತ್ತು.

ಕತ್ತಲಾದ ಮೇಲೆ ಬಸ್ಸಿಗೆ ಮೊದಲು ಮತ್ತೆ ಚೌಬಾರಕ್ಕೆ ಬಂದೆವು. ಫ್ಯಾನ್ ಅಂಗಡಿಯವರು ಸಾಮಾನು ಒಳಗಿಡುತ್ತಿದ್ದರು. ನಮ್ಮನ್ನು ಕಂಡದ್ದೇ, "ಬಂದ್ರ್ಯಾ? ಈಗ ಮುಚ್ಚಲ್ಯಾ?"

"ಅರ್ಧಕ್ಕ ನಿಲ್ಲಸ್ರಿ."

ಶಟರು ಸೊಂಟದ ತನಕ ಇಳಿಯಿತು. ಕೆಳಗಿನಿಂದ ಒಳಗಿನ ಬಲ್ಬಿನ ಹಳದಿ ಬೆಳಕು ರಸ್ತೆಗೆ ಹರಿಯಿತು. ಅದರಲ್ಲಿ ಅವರ ಎರಡು ಕಾಲು, ಒಂದು ಫ್ಯಾನಿನ ರೆಕ್ಕೆಯ ಉದ್ದನೆಯ ನೆರಳು. ಕತ್ತಲಿಗೆ ಕ್ಯಾಮೆರಾ ಸೆಕೆಂಡಿನ ಹದಿನೈದರಲ್ಲಿ ಒಂದು ಭಾಗದಷ್ಟು ಹೊತ್ತು ಕಣ್ಣು ತೆರೆದಿರಬೇಕಿತ್ತು, ಅಷ್ಟರಲ್ಲಿ ಕೈ ನಡುಗಿತು. ಅವರು ಬಗ್ಗಿ ಶಟರಿನ ಕೆಳಗಿಂದ ಮುಖ ತೋರಿಸಿದರು. "ಬಂತಾ?"

"ಇನ್ನೊಮ್ಮೆ ಮಾಡ್ರಿ."

ಎತ್ತಿದರು, ಇಳಿಸಿದರು. ಮತ್ತೊಮ್ಮೆ. ಮೂರನೇ ಸಲ ನಾನು ಕಣ್ಣಿಗೆ ಕ್ಯಾಮೆರಾ ಹಿಡಿಯುವ ಮೊದಲೇ ಅವರು ಹೊರಗೆ ಬಂದು, ನಾನು ನಿಂತ ಜಾಗದಲ್ಲೇ ನಿಂತು ತಮ್ಮ ಅಂಗಡಿ ನೋಡಿದರು. ಪಕ್ಕದಲ್ಲಿ ನಿಂತು ತಮಾಷೆ ನೋಡುತ್ತಿದ್ದ ಚಹಾದವರಿಗೆ ಕೈ ಬೀಸಿದರು.

"ಏ, ಆ ಕಡಿ ಸರಿಯೋ. ಫೋಟೋದಾಗ ಬರ್ಲತ್ತಿ."