ಮಲ್ಲಿ ಕುಳಿತಳು, ನಾನು ಎಬ್ಬಿಸಿದೆ

ಸೈನ್ಯದಲ್ಲಿ 17 ವರ್ಷ ಸ್ಫೋಟಕ ಪತ್ತೆಯ ಶ್ವಾನ ಹ್ಯಾಂಡ್ಲರ್ ಆಗಿದ್ದು, ಈಗ ಮೈಸೂರಿನ ಒಂದು ಖಾಸಗಿ ಭದ್ರತಾ ಸಂಸ್ಥೆಯಲ್ಲಿ ಅದೇ ಕೆಲಸವನ್ನು ಮಾಡುತ್ತಿರುವ ನನಗೆ, ನಾಯಿ ಕುಳಿತರೆ ಏನು ಮಾಡಬೇಕೆಂಬುದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ. ಕಾಶ್ಮೀರದಲ್ಲಿ ಕಾನ್ವಾಯ್ ಹೊರಡುವ ಮುಂಚೆ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ ರಸ್ತೆಯನ್ನು ತಪಾಸಿಸಿ ತೆರವುಗೊಳಿಸುವ ಆರ್‌ಓಪಿ (ರೋಡ್ ಓಪನಿಂಗ್ ಪಾರ್ಟಿ) ತಂಡದ ಜೊತೆ ರಸ್ತೆಯ ಅಂಚು ಹಿಡಿದು ಹೋಗುವಾಗ, ನಾಯಿ ಮೂಗನ್ನು ಒಂದು ಮೋರಿಯ ಬಾಯಿಗೆ ಕೊಟ್ಟು ಕುಳಿತಿತೆಂದರೆ ಅದು ಇಂಡಿಕೇಶನ್, ಸ್ಫೋಟಕದ ವಾಸನೆ ಸಿಕ್ಕಿದೆ ಎಂಬ ಸೂಚನೆ; ನಾವು ಪ್ರಶ್ನೆ ಕೇಳುತ್ತಿರಲಿಲ್ಲ, ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯುತ್ತಿದ್ದೆವು. ಅಲ್ಲಿ ಒಮ್ಮೆಯೂ ಮಾಡದ ತಪ್ಪನ್ನು ನಾನು ನನ್ನದೇ ಜಿಲ್ಲೆಯಲ್ಲಿ, ಮಂಡ್ಯದ ಹತ್ತಿರದ ಒಂದು ಸಮಾರಂಭದ ಮೈದಾನದಲ್ಲಿ ಮಾಡಿದೆ.

ಏಪ್ರಿಲ್ ತಿಂಗಳ ಬಿಸಿಲು. ನಾವು ಬೆಳಿಗ್ಗೆ 6ಕ್ಕೆ ಸರ್ಚ್ ಆರಂಭಿಸಬೇಕಿತ್ತು. ಆದರೆ ಶಾಮಿಯಾನದವರು ಬಂದದ್ದೇ 9 ಗಂಟೆಗೆ, ಹಾಗಾಗಿ ಕೆಲಸ ಶುರುವಾದಾಗ 10 ದಾಟಿತ್ತು. ಮಲ್ಲಿ ನಾಲ್ಕು ವರ್ಷದ ಲ್ಯಾಬ್ರಡಾರ್. ನಾಯಿ ಏದುಸಿರು ಬಿಡುವಾಗ ಸರಿಯಾಗಿ ಮೂಸಲಾರದು, ಆದ್ದರಿಂದ ಅಂಥ ಬಿಸಿಲಿನಲ್ಲಿ 20 ನಿಮಿಷಕ್ಕೊಮ್ಮೆ ನೆರಳು, ನೀರು, ವಿಶ್ರಾಂತಿ ಕೊಡಬೇಕೆಂದು ನಾನು ಮ್ಯಾನೇಜರರಿಗೆ ಎಷ್ಟು ಸಲ ಬರೆದುಕೊಟ್ಟಿದ್ದೇನೋ ಲೆಕ್ಕವಿಲ್ಲ. ಅವರ ವೇಳಾಪಟ್ಟಿಯಲ್ಲಿ ನಾಯಿಗೂ ಮೆಟಲ್ ಡಿಟೆಕ್ಟರಿಗೂ ವ್ಯತ್ಯಾಸವೇ ಇಲ್ಲ.

ವೇದಿಕೆಯ ಹಿಂದೆ ಮರದ ಹಲಗೆಗಳನ್ನು ತಂದಿದ್ದ ಒಂದು ಟ್ರ್ಯಾಕ್ಟರ್ ಟ್ರೇಲರ್ ನಿಂತಿತ್ತು, ಅದರ ಪಕ್ಕದಲ್ಲೇ ಯಾರೋ ಗೊಬ್ಬರದ ನಾಲ್ಕು ಚೀಲ ಇಳಿಸಿದ್ದರು. ಮಲ್ಲಿ ಟ್ರೇಲರಿನ ಹಿಂಬದಿಯ ಡೋರಿನ ಹತ್ತಿರ ಬಂದಾಗ ಜೋತುಬಿದ್ದಿದ್ದ ನಾಲಿಗೆಯನ್ನು ಒಳಗೆಳೆದುಕೊಂಡು ಬಾಯಿ ಮುಚ್ಚಿದಳು, ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಮತ್ತೆ ಬಂದಳು, ಆಮೇಲೆ ಕುಳಿತಳು. ಆ ಬಾಯಿ ಮುಚ್ಚಿದ್ದನ್ನು ನಾನು ಕಣ್ಣಾರೆ ಕಂಡೆ. ಕಂಡೂ, ಮೊದಲು ದಣಿದು ಕುಳಿತಿದ್ದಾಳೆ ಎಂದುಕೊಂಡೆ, ಅದು ಸಾಲದೆಂದು ಗೊಬ್ಬರದ ವಾಸನೆಗೆ ಮೋಸಹೋಗಿದ್ದಾಳೆ ಎಂದುಕೊಂಡೆ. ಯೂರಿಯಾ ಚೀಲದ ಮೇಲೆ ಕೂತು ಬೆಳೆದ ರೈತನ ಮಗನಿಗೆ ಅದು ಅನುಮಾನದ ವಸ್ತುವಾಗಿ ಕಾಣಿಸಲೇ ಇಲ್ಲ. ಲೀಶನ್ನು ಸಣ್ಣಗೆ ಎಳೆದು "ಬಾ" ಎಂದೆ. ಅವಳು ಎದ್ದಳು.

ಮನಸ್ಸಿಗೆ ಸಮಾಧಾನವಾಗದೆ ಎರಡನೆಯ ಸಲ ಅದೇ ಟ್ರೇಲರನ್ನು ಸುತ್ತಿಸಿದೆ. ಈ ಸಲ ಮಲ್ಲಿ ಡೋರಿನ ಬಳಿ ನಿಧಾನಿಸಿದಳು, ತಲೆಯೆತ್ತಿ ನನ್ನ ಮುಖ ನೋಡಿದಳು, ಕುಳಿತುಕೊಳ್ಳದೆ ಮುಂದೆ ನಡೆದಳು. ನಾನು ಫಾರಂ ತೆಗೆದು 'ಕ್ಲಿಯರ್' ಎಂಬಲ್ಲಿ ಸಹಿ ಹಾಕಿದೆ.

ನನ್ನನ್ನು ಉಳಿಸಿದ್ದು ಜೊತೆಗಿದ್ದ ಹೊಸ ಹುಡುಗ. ಸೇರಿ ಮೂರು ತಿಂಗಳೂ ಆಗಿರಲಿಲ್ಲ. ನೀರು ಕುಡಿಸುವಾಗ ಅವನು, "ಸಾರ್, ಮೊದಲನೇ ಸಲ ಕೂತಿದ್ದಳಲ್ಲ, ಅದು ಇಂಡಿಕೇಶನ್ ಅಲ್ಲವಾ?" ಎಂದು ಕೇಳಿದ. ಅತಿಥಿಗಳು ಬರಲು 40 ನಿಮಿಷವಿತ್ತು. ಮುಂದಿನ ಒಂದೆರಡು ನಿಮಿಷ ನಾನು ಯೋಚಿಸಿದ್ದು ಟ್ರೇಲರಿನ ಬಗ್ಗೆ ಅಲ್ಲ, ಸಹಿ ಹಾಕಿದ ಫಾರಮನ್ನು ಹಿಂದೆ ಕೇಳಿದರೆ ಮ್ಯಾನೇಜರ್ ಏನೆನ್ನುತ್ತಾರೆ ಎಂಬುದರ ಬಗ್ಗೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಕೊನೆಗೆ ಜನರನ್ನೆಲ್ಲ ಹಿಂದಕ್ಕೆ ಕಳಿಸಿ, ಪೊಲೀಸರಿಗೆ ಫೋನ್ ಮಾಡಿ, ಡ್ರೈವರನ್ನು ಹುಡುಕಿಸಿದೆ. ಅವನು ಟೀ ಅಂಗಡಿಯಿಂದ ಓಡಿಬಂದು, "ಮೊನ್ನೆ ಕ್ವಾರಿಗೆ ಮದ್ದು ಸಾಗ್ಸಿದ್ದು ಇದ್ರಲ್ಲೇ ಸಾ, ಆಮೇಲೆ ತೊಳ್ದಿಲ್ಲ" ಎಂದ. ಬಾಂಬ್ ನಿಷ್ಕ್ರಿಯ ದಳದವರು ಬಂದು ನೋಡಿದಾಗ ಡೋರಿನ ಸಂದಿಯಲ್ಲಿ ಬಿಳಿಯ ಹರಳುಗಳೂ ಗೇಣುದ್ದದ ಒಂದು ಬತ್ತಿಯ ತುಂಡೂ ಸಿಕ್ಕವು. ಆ ಹರಳುಗಳು ಕ್ವಾರಿಗಳಲ್ಲಿ ಸ್ಫೋಟಕ್ಕೆ ಬಳಸುವ ಅಮೋನಿಯಂ ನೈಟ್ರೇಟ್. ಅದರ ಸಾಗಣೆಗೆ 2012ರಿಂದಲೇ ಪ್ರತ್ಯೇಕ ನಿಯಮಗಳಿವೆ, ಆದರೆ ನಮ್ಮ ಕಡೆಯ ಟ್ರೇಲರುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ. ಯಾರಿಗೂ ಅಪಾಯವಾಗುವಷ್ಟು ವಸ್ತು ಅಲ್ಲಿರಲಿಲ್ಲ. ಆದರೆ ಸಹಿ ಹಾಕುವಾಗ ಅದು ನನಗೆ ಗೊತ್ತಿರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಆ ಎರಡನೆಯ ಸುತ್ತು. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಯಾವ ವಾಸನೆಯನ್ನೂ ಇಡದ ಕೋಣೆಗಳಿಗೆ 18 ಹ್ಯಾಂಡ್ಲರುಗಳನ್ನು ಅವರವರ ನಾಯಿಗಳ ಜೊತೆ ಕಳಿಸಿ, ಕೆಂಪು ಕಾಗದ ಅಂಟಿಸಿದಲ್ಲಿ ವಸ್ತುವಿದೆ ಎಂದು ಹ್ಯಾಂಡ್ಲರುಗಳಿಗೆ ಸುಳ್ಳು ಹೇಳಿದ್ದರು. ಆ ಕಾಗದವಿದ್ದ ಕಡೆಗಳಲ್ಲಿ ನಾಯಿಗಳ ಇಂಡಿಕೇಶನ್ ಹೆಚ್ಚು ವರದಿಯಾಯಿತು. ನಾನು ಮಾಡಿದ್ದು ಅದರ ತದ್ವಿರುದ್ಧ. ಇಲ್ಲ ಎಂದು ನಾನು ನಂಬಿದೆ, ಮಲ್ಲಿ ನನ್ನ ನಂಬಿಕೆಗೆ ಒಪ್ಪಿಕೊಂಡಳು. 2008ರ ಸೆಪ್ಟೆಂಬರಿನಲ್ಲಿ ಅಫ್ಘಾನಿಸ್ತಾನದ ಉರುಜ್‌ಗಾನ್‌ನಲ್ಲಿ ಹೊಂಚುದಾಳಿಯ ನಡುವೆ ಕಳೆದುಹೋದ ಆಸ್ಟ್ರೇಲಿಯಾ ಸೈನ್ಯದ ಸಾರ್ಬಿ ಎಂಬ ಸ್ಫೋಟಕ ಪತ್ತೆಯ ನಾಯಿ 13 ತಿಂಗಳ ನಂತರ ಸಿಕ್ಕಿದಾಗ, ಅವಳ ಮುಂದೆ ಒಂದು ಟೆನಿಸ್ ಚೆಂಡನ್ನು ಉರುಳಿಸಿದ ಕೂಡಲೇ ಅದನ್ನು ಹಿಡಿದುಕೊಂಡಳಂತೆ, ತರಬೇತಿಯ ಆಟ ಅಷ್ಟು ಗಟ್ಟಿಯಾಗಿ ಉಳಿದಿತ್ತು. ಹೊಸ ಹುಡುಗರಿಗೆ ನಾನೇ ಈ ಕಥೆಯನ್ನು ಹೇಳುತ್ತಿದ್ದೆ. 13 ತಿಂಗಳ ಯುದ್ಧಭೂಮಿ ಅಳಿಸಲಾರದ್ದನ್ನು ಲೀಶಿನ ಒಂದು ಎಳೆತ ಒಂದು ಸುತ್ತಿನ ಮಟ್ಟಿಗೆ ಅಳಿಸಬಲ್ಲದು ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಮ್ಯಾನೇಜರ್ ಕೇಳಿದ್ದು ಕಾರ್ಯಕ್ರಮ ಎರಡು ಗಂಟೆ ತಡವಾದದ್ದೇಕೆ ಎಂದು. ಫಾರಮಿನಲ್ಲಿ 'ನಾಯಿ ತಡವರಿಸಿತು' ಎಂಬುದಕ್ಕೊಂದು ಕಾಲಂ ಬೇಕು, ನಾಯಿಯ ಅಭ್ಯಾಸಕ್ಕೆ ಬಳಸುವ ಸ್ಫೋಟಕಗಳ ಎಲ್ಲ ಸ್ಯಾಂಪಲ್ಲುಗಳನ್ನೂ ಒಂದೇ ಡಬ್ಬಿಯಲ್ಲಿಟ್ಟು ವಾಸನೆ ಬೆರೆಸುವುದನ್ನು ನಿಲ್ಲಿಸಬೇಕು ಎಂದು ಬರೆದುಕೊಟ್ಟೆ. ಡಬ್ಬಿಗಳು ಬಂದಿವೆ, ಕಾಲಂ ಬಂದಿಲ್ಲ. ಈಗ ಅಭ್ಯಾಸದಲ್ಲಿ ಸ್ಯಾಂಪಲ್ಲನ್ನು ಹೊಸ ಹುಡುಗ ಬಚ್ಚಿಡುತ್ತಾನೆ, ಎಲ್ಲಿ ಎಂಬುದನ್ನು ನನಗೆ ಹೇಳುವುದಿಲ್ಲ, ಕೆಲವು ದಿನ ಏನನ್ನೂ ಇಡುವುದಿಲ್ಲ. ಮಲ್ಲಿ ಬಹುಮಟ್ಟಿಗೆ ಸರಿಹೋಗಿದ್ದಾಳೆ. ಟ್ರೇಲರ್ ಕಂಡಾಗ ಮಾತ್ರ ಈಗಲೂ ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡುತ್ತಾಳೆ. ನಾನು ಬೇರೆ ಕಡೆ ನೋಡುತ್ತಾ ನಿಲ್ಲುತ್ತೇನೆ.