ಅಣಕು ಸುತ್ತಿನಲ್ಲೇ ಮೊದಲನೇದು ಬಂತಾ? ಸ್ವಲ್ಪ ತಡೆಯಿರಿ

ಸಿಇಟಿ ರಿಸಲ್ಟ್ ಬಂತೆಂದರೆ ನಮ್ಮ ಅಂಗಡಿಯ ಎರಡು ಪ್ಲಾಸ್ಟಿಕ್ ಕುರ್ಚಿ ಸಾಲುವುದಿಲ್ಲ. ಪಕ್ಕದ ಟೈಲರ್ ಅಂಗಡಿಯಿಂದ ಇನ್ನೆರಡು ಎತ್ತಿಕೊಂಡು ಬರುತ್ತೇವೆ. ತಿಪಟೂರಿನಲ್ಲಿ ನಮ್ಮದು ಝೆರಾಕ್ಸ್ ಅಂಗಡಿ. ಲ್ಯಾಮಿನೇಶನ್, ಪಹಣಿ, ಪ್ಯಾನ್ ಕಾರ್ಡ್, ರೈಲು ಟಿಕೆಟ್ ಎಲ್ಲಾ ಬರೆದ ಬೋರ್ಡಿನ ಕೊನೇ ಸಾಲು 'ಇಲ್ಲಿ ಸಿಇಟಿ ಅರ್ಜಿ ಹಾಕಿಕೊಡಲಾಗುವುದು'. ಮಷಿನ್ ನಮ್ಮ ಯಜಮಾನರದ್ದು, ಕಂಪ್ಯೂಟರ್ ನನ್ನದು. ನಾನು ಓದಿದ್ದು ಬಿ.ಕಾಂ. ಎಂಜಿನಿಯರಿಂಗ್ ಕಾಲೇಜಿನ ಗೇಟು ದಾಟಿದವಳಲ್ಲ. ಆದರೂ ಪ್ರತಿ ವರ್ಷ ಊರಿನ, ಸುತ್ತಲಿನ ಹಳ್ಳಿಗಳ ಮಕ್ಕಳು ಯಾವ ಕಾಲೇಜನ್ನು ಮೇಲೆ ಬರೆಯಬೇಕು, ಯಾವುದನ್ನು ಕೆಳಗೆ ಬರೆಯಬೇಕು ಅಂತ ನನ್ನ ಪಕ್ಕ ಕೂತು ಕೇಳುತ್ತಾರೆ. ಮೊದಮೊದಲು ಭಯವಾಗುತ್ತಿತ್ತು. ಈಗಲೂ ಆಗುತ್ತದೆ, ಆದರೆ ಬೇರೆ ಥರ.

ಓದಿನ ವಿಷಯದಲ್ಲಿ ನಾನು ಹೇಳೋದು ಒಂದೇ ಒಂದು. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪು ಬರೆದರೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ ಕಳೆಯುತ್ತಾರೆ. ನೀಟ್ ಕೋಚಿಂಗಿಗೆ ಹೋದ ಮಕ್ಕಳಿಗೆ ಅದೇ ಅಭ್ಯಾಸವಾಗಿ, ಸಿಇಟಿಯಲ್ಲೂ ಗೊತ್ತಿಲ್ಲದ್ದನ್ನು ಖಾಲಿ ಬಿಟ್ಟು ಬರುತ್ತಾರೆ. 'ಹನ್ನೊಂದು ಬಿಟ್ಟೆ ಅಕ್ಕ' ಅಂತ ಒಬ್ಬ ಹೆಮ್ಮೆಯಿಂದ ಹೇಳಿದ. ತಲೆ ಮೇಲೆ ಕೈ ಹೊತ್ತುಕೊಂಡೆ. ಒಂದೂ ಖಾಲಿ ಬಿಡಬೇಡಿ ಮಾರಾಯರೇ.

ಮಿಕ್ಕಿದ್ದೆಲ್ಲ ಕಾಗದದ ಕೆಲಸ. ಮಂಜುನಾಥ ಅನ್ನೋ ಹೆಸರಿನ ಇಂಗ್ಲಿಷ್ ಸ್ಪೆಲಿಂಗಿನಲ್ಲಿ 'ಟಿ' ಆದ ಮೇಲೆ 'ಎಚ್' ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಇರುತ್ತದೆ, ಆಧಾರಿನಲ್ಲಿ ಇರುವುದಿಲ್ಲ. ಇನಿಷಿಯಲ್ ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ. ಅರ್ಜಿ ಹಾಕುವ ದಿನ ಯಾರಿಗೂ ಅದು ದೊಡ್ಡದು ಅನ್ನಿಸಲ್ಲ. ಸ್ಕಾಲರ್‌ಶಿಪ್ಪಿಗೆ ಎಸ್ಎಸ್‌ಪಿ ಅನ್ನೋ ಸರ್ಕಾರಿ ವೆಬ್‌ಸೈಟ್ ತೆರೆದ ದಿನ ಗೊತ್ತಾಗುತ್ತದೆ. 2ಎ, 3ಎ ಥರದ ಹಿಂದುಳಿದ ವರ್ಗದವರಿಗೆ ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಎಂಟನೇ ಕ್ಲಾಸಿಗೂ ಮುಂಚೆ ಮಾಡಿಸಿದ್ದನ್ನೇ ಹಿಡಿದುಕೊಂಡು ಬರುತ್ತಾರೆ. ನಾಡಕಚೇರಿಗೆ ಓಡಿ, ಹೊಸ ಪ್ರಮಾಣಪತ್ರದ ಆರ್‌ಡಿ ನಂಬರ್ ತಂದ ಮೇಲೇ ಮುಂದಿನ ಮಾತು.

ಇದರಲ್ಲಿ ನನಗೆ ತುಂಬ ಸಂಕಟ ಆಗೋದು ಗ್ರಾಮೀಣ ಕೋಟಾದ್ದು. ಶೇಕಡ 15 ಸೀಟು ಹಳ್ಳಿಯಲ್ಲಿ ಓದಿದವರಿಗೆ ಅಂತ ಇದೆ. ಕನ್ನಡ ಮಾಧ್ಯಮದವರಿಗೆ ಶೇಕಡ 5. ಎರಡಕ್ಕೂ ಒಂದರಿಂದ ಹತ್ತರವರೆಗೆ, ಪೂರ್ತಿ ಹತ್ತು ವರ್ಷದ ಲೆಕ್ಕ ಬೇಕು. 'ನಮ್ದು ಹಳ್ಳೀನೇ ಮೇಡಂ, ಊರಲ್ಲಿ ಬಸ್ಸೂ ಇಲ್ಲ' ಅಂತಾರೆ ಅಪ್ಪಂದಿರು. ಆದರೆ ಮನೆ ಹಳ್ಳಿಯಲ್ಲಿದ್ದರೆ ಸಾಲದು, ಶಾಲೆ ಹಳ್ಳಿಯಲ್ಲಿರಬೇಕು. ಏಳರವರೆಗೆ ಊರ ಶಾಲೆ, ಎಂಟಕ್ಕೆ ವ್ಯಾನ್ ಹತ್ತಿ ತಿಪಟೂರಿನ ಶಾಲೆಗೆ ಬಂದ ಹುಡುಗನಿಗೆ ಅದು ಇಲ್ಲ. ಒಳ್ಳೇದಾಗಲಿ ಅಂತ ಸಾಲ ಮಾಡಿ ವ್ಯಾನ್ ಫೀ ಕಟ್ಟಿದವರಿಗೆ ಇದನ್ನು ಹೇಳುವಾಗ ನಾನು ಸ್ಕ್ರೀನ್ ನೋಡಿಕೊಂಡೇ ಹೇಳುತ್ತೇನೆ. ಇನ್ನು ಕೆಲವರಿಗೆ ಹಕ್ಕಿದ್ದೂ ಅರ್ಜಿಯಲ್ಲಿ 'ಎಸ್' ಒತ್ತಿರೋದಿಲ್ಲ. ಮನೇಲಿ ಮೊಬೈಲಿನಲ್ಲೇ ತುಂಬಿಕೊಂಡವರ ಕಥೆ ಇದು.

ಈಗ ನಾನೇ ಮಾಡಿದ ತಪ್ಪಿಗೆ ಬರುತ್ತೇನೆ.

ಅಂಗಡಿ ಹಾಕಿದ ಮೂರನೇ ವರ್ಷ. ಹೊನ್ನವಳ್ಳಿ ಕಡೆಯ ಒಬ್ಬ ಹುಡುಗ, ಸರ್ಕಾರಿ ಪಿಯು ಕಾಲೇಜು, ಹತ್ತೂ ವರ್ಷ ಹಳ್ಳಿ ಶಾಲೆ. ರ‍್ಯಾಂಕ್ ಚೆನ್ನಾಗಿಯೇ ಇತ್ತು. ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು-ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ತುಂಬೋಕೆ, ಅಪ್ಪನ ಜೊತೆ ಬಂದ. ಅಪ್ಪ ತೆಂಗಿನಕಾಯಿ ಸುಲಿಯುವವರು, ಅಂಗೈಯೆಲ್ಲ ನಾರಿನ ಬಣ್ಣ. 'ಬೆಂಗಳೂರಿಂದೆಲ್ಲ ನಮಗ್ಯಾಕೆ, ಹತ್ರದ್ದು ಮೊದಲು ಹಾಕಿ, ಸಿಗೋದನ್ನ ಹಾಕಿ' ಅಂದರು. ನನಗೂ ಅದೇ ಸರಿ ಅನ್ನಿಸಿತು. ಸಿಗದ ಕಾಲೇಜನ್ನು ಮೇಲೆ ಹಾಕಿ ಆಪ್ಷನ್ ಯಾಕೆ ದಂಡ ಮಾಡೋದು? ಹತ್ತಿರದ ಒಂದು ಖಾಸಗಿ ಕಾಲೇಜನ್ನು ಒಂದನೇ ನಂಬರಿಗೆ ಹಾಕಿದೆ. ಬೆಂಗಳೂರಿನ ಸರ್ಕಾರಿ ಕಾಲೇಜು ನಾಲ್ಕೋ ಐದೋ ಆಯಿತು.

ಅಣಕು ಹಂಚಿಕೆ ಬಂತು, ಅಂದರೆ ನಿಜವಾದ ಸೀಟು ಹಂಚಿಕೆಗೆ ಮುಂಚಿನ ಟ್ರಯಲ್ ಸುತ್ತು. ಮೊದಲನೇ ಆಪ್ಷನ್ನೇ ಬಂದಿತ್ತು! ಅಪ್ಪ ಅಂಗಡಿಗೆ ಅರ್ಧ ಕೆ.ಜಿ. ಮೈಸೂರು ಪಾಕ್ ತಂದರು. ಯಾರೂ ಪಟ್ಟಿ ಮುಟ್ಟಲಿಲ್ಲ. ನಿಜವಾದ ಸುತ್ತಿನಲ್ಲೂ ಅದೇ ಬಂತು. ಆಮೇಲೆ ಯಾವ ಕಾಲೇಜಿನಲ್ಲಿ ಎಷ್ಟನೇ ರ‍್ಯಾಂಕಿನವರೆಗೆ ಸೀಟು ಸಿಕ್ಕಿತು ಅನ್ನೋ ಕಟಾಫ್ ಪಟ್ಟಿ ಹಾಕಿದರಲ್ಲ, ಬೇರೆ ಯಾರದ್ದೋ ಕೆಲಸಕ್ಕೆ ಅದನ್ನು ತೆರೆದಿದ್ದೆ. ಆ ಸರ್ಕಾರಿ ಕಾಲೇಜಿನಲ್ಲಿ, ಅದೇ ಬ್ರಾಂಚಿಗೆ, ಅವನ ವರ್ಗದ ಗ್ರಾಮೀಣ ಕಾಲಮ್ಮಿನಲ್ಲಿ ಕೊನೇ ರ‍್ಯಾಂಕು ಅವನಿಗಿಂತ ಎಷ್ಟೋ ಹಿಂದಿನದು. ಅಂದರೆ ಅದನ್ನು ಮೇಲೆ ಬರೆದಿದ್ದರೆ ಸಿಗುತ್ತಿತ್ತು. ಫೀಸೂ ಕಮ್ಮಿ ಇರುತ್ತಿತ್ತು. ಎರಡನೇ ಸುತ್ತಿನಲ್ಲಿ ಸರಿ ಮಾಡೋಣ ಅಂದರೆ ಅದೂ ಆಗಲ್ಲ. ಯಾವ ಆಪ್ಷನ್ ಸಿಕ್ಕಿತೋ ಅದರ ಕೆಳಗಿರೋದೆಲ್ಲ ಅಳಿಸಿಹೋಗುತ್ತದೆ, ಮುಂದಿನ ಸುತ್ತಿಗೆ ಮೇಲಿನವು ಮಾತ್ರ ಉಳಿಯೋದು. ಒಂದನೇದೇ ಸಿಕ್ಕಿದವನಿಗೆ ಮೇಲೆ ಏನಿದೆ?

ಆ ಹುಡುಗನಿಗೆ ಇದನ್ನು ಹೇಳಲಿಲ್ಲ ನಾನು. ಓದಿ ಮುಗಿಸಿದ, ಕೆಲಸದಲ್ಲಿದ್ದಾನೆ, ಹಬ್ಬಕ್ಕೆ ಬಂದಾಗ ಅಂಗಡಿ ಮುಂದೆ ಬೈಕ್ ನಿಲ್ಲಿಸಿ ಮಾತಾಡಿಸಿಕೊಂಡು ಹೋಗುತ್ತಾನೆ. ಅವನ ಅಪ್ಪ ನಾಲ್ಕು ವರ್ಷ ಜಾಸ್ತಿ ಕಟ್ಟಿದ ಫೀಸಿನ ಲೆಕ್ಕ ನನ್ನ ತಲೆಯಲ್ಲಿ ಮಾತ್ರ ಇದೆ.

ಅವತ್ತಿನಿಂದ ಕಂಪ್ಯೂಟರ್ ಮುಟ್ಟುವ ಮುಂಚೆ ನೋಟ್‌ಬುಕ್. ಇನ್ನೂರು ಪುಟದ ಗೆರೆ ಪುಸ್ತಕ, ಒಬ್ಬೊಬ್ಬರಿಗೆ ಎರಡು ಪುಟ. 'ಫೀಸು, ದೂರ, ಅಪ್ಪ, ರ‍್ಯಾಂಕು ಯಾವುದೂ ಇಲ್ಲ ಅಂದುಕೊಂಡು ನಿನಗೆ ಬೇಕಾದ್ದನ್ನು ಬರಿ' ಅಂತ ಪೆನ್ನು ಕೊಡುತ್ತೇನೆ. ಬರೆಯಲ್ಲ ಅವರು. ಪೆನ್ನಿನ ಕ್ಯಾಪ್ ಕಚ್ಚುತ್ತಾ ನನ್ನ ಮುಖ ನೋಡುತ್ತಾರೆ. ಬೇಕು ಅನ್ನೋದನ್ನು ಬರೆಯೋಕೆ ಈ ಮಕ್ಕಳಿಗೆ ಎಷ್ಟು ನಾಚಿಕೆ ಅಂತೀರಿ! ಹತ್ತು ನಿಮಿಷ ಬಿಟ್ಟು ನೋಡಿದರೆ ಮೂರನೇ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ನಿಜವಾಗಿ ಬೇಕಾಗಿದ್ದದ್ದು.

ಅಪ್ಪಂದಿರನ್ನು ಒಪ್ಪಿಸೋದು ಇನ್ನೊಂದು ಕೆಲಸ. 'ದೊಡ್ಡದಕ್ಕೆ ಆಸೆ ಪಟ್ಟು ಇರೋದೂ ಕೈಬಿಟ್ಟರೆ?' ಇದೊಂದೇ ಪ್ರಶ್ನೆ, ಎಲ್ಲರದ್ದೂ. ಕಂಪ್ಯೂಟರ್ ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ಕರೆಯುತ್ತದೆ, ನಿಮ್ಮ ಮಗನ ಸರದಿ ಬಂದಾಗ ಅವನ ಪಟ್ಟೀನ ಮೇಲಿಂದ ಓದುತ್ತಾ ಬರುತ್ತದೆ, ಖಾಲಿ ಇರೋ ಮೊದಲನೇದನ್ನು ಕೊಡುತ್ತದೆ ಅಂತ ವಿವರಿಸಿದರೆ ತಲೆ ಆಡಿಸುತ್ತಾರೆ, ಒಪ್ಪಲ್ಲ. ಕೊನೆಗೆ ದನದ ಜಾತ್ರೆಗೆ ಇಳಿದೆ. 'ಅಣ್ಣ, ಜಾತ್ರೆಗೆ ಹೋಗಿ ಮೊದಲು ಒಳ್ಳೇ ಜೋಡೀನೇ ಕೇಳ್ತೀರಿ ತಾನೆ? ಆಗಲೇ ಮಾರಿಹೋಗಿದೆ ಅಂದರೆ ಪಕ್ಕದ್ದಕ್ಕೆ ಹೋಗ್ತೀರಿ. ಮೊದಲನೇದನ್ನ ಕೇಳಿದ್ರಿ ಅಂತ ಎರಡನೇದನ್ನ ಯಾರಾದರೂ ಇಲ್ಲ ಅಂತಾರಾ?' ಅಲ್ಲಿಗೆ ಮುಗಿಯಿತು. 'ಹಂಗಾದ್ರೆ ಮೇಲೆ ಇನ್ನೂ ನಾಕು ಬರೀರಿ' ಅಂತ ಅವರೇ ಅನ್ನುತ್ತಾರೆ.

ಅದಕ್ಕೇ ಅಣಕು ಸುತ್ತಿನಲ್ಲಿ ಒಂದನೇ ಆಪ್ಷನ್ ಬಂದರೆ ನಾನು ಸಿಹಿ ತಿನ್ನಲ್ಲ. ಅಣಕು ಆದ ಮೇಲೆ ಪಟ್ಟಿ ತಿದ್ದೋಕೆ ಸಮಯ ಕೊಡುತ್ತಾರೆ. ಅದರ ಮೇಲೆ ಬರೆಯುವಂಥದ್ದು ನಿಜಕ್ಕೂ ಏನೂ ಇಲ್ಲವಾ ಅಂತ ಇನ್ನೊಂದು ಸಲ ಕೂರಿಸಿ ಕೇಳುತ್ತೇನೆ. ಹಳೇ ಕಟಾಫ್ ನೋಡುವಾಗಲೂ ಜಿಎಂ, ಅಂದರೆ ಸಾಮಾನ್ಯ ವರ್ಗದ ಕಾಲಮ್ ನೋಡಿ ಬೆಚ್ಚಿಬೀಳಬೇಡಿ, ನಿಮ್ಮದು 2ಎ ಗ್ರಾಮೀಣ ಅಂದರೆ 2ಎಆರ್ ಅಂತ ಇರೋ ಕಾಲಮ್ಮಿಗೆ ಸ್ಕೇಲಿಟ್ಟು ಓದಿ. ಇನ್ನೊಂದು, ಸಿಕ್ಕರೂ ಹೋಗಲ್ಲ ಅನ್ನೋ ಕಾಲೇಜನ್ನು ಪಟ್ಟಿ ಉದ್ದ ಮಾಡೋಕೆ ಸೇರಿಸಬೇಡಿ. ಸಿಕ್ಕಿದ್ದು ಇರಲಿ, ಮೇಲಿನದಕ್ಕೂ ನೋಡೋಣ ಅಂತ ಚಾಯ್ಸ್ 2 ಒತ್ತಿದವರು, ಮೇಲಿನದು ಸಿಕ್ಕಿದ ತಕ್ಷಣ ಹಳೇದು ಹೋಗುತ್ತೆ ಅನ್ನೋದು ನೆನಪಿರಲಿ. ಇದಕ್ಕೆ ಅತ್ತವರನ್ನು ನೋಡಿದ್ದೇನೆ.

ಹೆಣ್ಣುಮಕ್ಕಳ ಪಟ್ಟಿಯಲ್ಲಿ ನನ್ನ ಜಾತ್ರೆ ಉಪಮೆ ನಡೆಯೋದು ಕಮ್ಮಿ. 'ಹೋಗಿ ಬರೋ ಅಷ್ಟು ದೂರ ಇರಲಿ' ಅಂದುಬಿಟ್ಟರೆ ಪಟ್ಟಿಯೇ ಅರ್ಧ ಪುಟಕ್ಕೆ ನಿಲ್ಲುತ್ತದೆ. ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್ ಬಗ್ಗೆ ಹೇಳುತ್ತೇನೆ, ಅಲ್ಲಿರುವ ಹುಡುಗಿಯರಿಗೆ ಅಲ್ಲೇ ಫೋನ್ ಹಚ್ಚಿ ಅಮ್ಮನ ಕೈಗೆ ಕೊಡುತ್ತೇನೆ. ಒಮ್ಮೊಮ್ಮೆ ಕೆಲಸ ಆಗುತ್ತದೆ.

ಹೋದ ವರ್ಷ ಒಬ್ಬಳು ಬಂದಿದ್ದಳು. ಪೆನ್ನು ಕೊಟ್ಟ ತಕ್ಷಣ ಬರೆದವಳು ಅವಳೊಬ್ಬಳೇ. ಕಂಪ್ಯೂಟರ್ ಸೈನ್ಸ್ ಅಲ್ಲ, ಬಿ.ಎಸ್ಸಿ. ಕೃಷಿ. ರೈತರ ಮಕ್ಕಳ ಕೋಟಾಕ್ಕೆ ಅರ್ಜಿ ಹಾಕಿದ್ದಳು. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬೇರೆ ಇರುತ್ತದೆ, ಬೀಜ, ಗೊಬ್ಬರ, ಸಲಕರಣೆ ಮುಂದೆ ಇಟ್ಟು ಯಾವುದು ಅಂತ ಗುರುತಿಸಬೇಕು. ಪರೀಕ್ಷೆಗೆ ನಾಲ್ಕು ದಿನ ಮುಂಚೆ ಹಾಲ್ ಟಿಕೆಟ್ ಪ್ರಿಂಟಿಗೆ ಬಂದಾಗ ಅವರಪ್ಪ ಜೇಬಿನಿಂದ ಪುಟ್ಟ ಪುಟ್ಟ ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಟೇಬಲ್ ಮೇಲೆ ಸಾಲಾಗಿ ಇಟ್ಟರು. ನವಣೆ, ಸಾಮೆ, ಹಾರಕ, ಹುಚ್ಚೆಳ್ಳು. 'ಹೇಳು' ಅಂದರು. ಅವಳು ಒಂದನ್ನೂ ಎತ್ತಿ ನೋಡದೆ ಪಟಪಟ ಹೇಳಿದಳು. ಕೊನೇ ಕವರಿನ ಹತ್ತಿರ ನಿಂತಳು. ಬೆರಳಲ್ಲಿ ಉಜ್ಜಿ ನೋಡಿ, 'ಇದು ಬೀಜ ಅಲ್ಲಪ್ಪ, ಗೊಬ್ಬರ. ಡಿಎಪಿ' ಅಂದಳು. ಅಪ್ಪ ನಕ್ಕರು. ನಮ್ಮ ಯಜಮಾನರು ಝೆರಾಕ್ಸ್ ನಿಲ್ಲಿಸಿ ನೋಡುತ್ತಿದ್ದರು, ಕ್ಯೂನಲ್ಲಿದ್ದವರೂ.

ಆಪ್ಷನ್ ಹಾಕುವ ದಿನ ಅವಳ ಒಂದನೇ ಸಾಲು ಜಿಕೆವಿಕೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ. ಅಪ್ಪ ನೋಟ್‌ಬುಕ್ಕನ್ನು ತಮ್ಮ ಕಡೆ ತಿರುಗಿಸಿಕೊಂಡು ತುಂಬ ಹೊತ್ತು ನೋಡಿದರು. ದೂರ ಅನ್ನುತ್ತಾರೆ ಅಂದುಕೊಂಡು ನಾನು ಜಾತ್ರೆ ಕಥೆಗೆ ಸಿದ್ಧಳಾದೆ.

'ಮೇಡಂ, ಇದಕ್ಕೆ ಟ್ರೈನಲ್ಲಿ ಹೋದ್ರೆ ಯಶವಂತಪುರದಲ್ಲೇ ಇಳ್ಕೊಬೋದಾ, ಇಲ್ಲ ಮೆಜೆಸ್ಟಿಕ್‌ಗೇ ಹೋಗ್ಬೇಕಾ?'

ಯಶವಂತಪುರ ಸಾಕು ಅಂದೆ. ಅವಳು ಆಗಲೇ ಫೋನಿಗೆ ಬಂದ ಓಟಿಪಿ ಓದುತ್ತಿದ್ದಳು.